ರೋಡ್ ಕಾಣೋ ಕಾರ್ಡು

‘ಗ್ರಾಫಿಕ್ಸ್ ಕಾರ್ಡ್’ ಎನ್ನುವ ಮಾತು ಅಪ್ಪನ ಬಾಯಿಂದ ಬಿದ್ದಾಗ ಶಿವಾನಿಯ ಬಾಯಲ್ಲಿದ್ದ ರೊಟ್ಟಿ ತುತ್ತು ಅಲ್ಲೇ ನಿಂತುಬಿಟ್ಟಿತು.

ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟನ್ನು ಉಲ್ಟಾ ತುರುಕಿ, ‘ಇದು ಕೆಟ್ಟೈತಿ’ ಎಂದು ಮೂಲೆಗಿಟ್ಟ ಮನುಷ್ಯ ಅವನು. ಇಪ್ಪತ್ತೆರಡು ವರ್ಷ ಸರಕಾರಿ ಬಸ್ಸು ಹೊಡೆದವನು. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಎಷ್ಟು ತಗ್ಗು ಎಂದು ಕೇಳಿದರೆ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತಿದ್ದ. ಆದರೆ ಕಂಪ್ಯೂಟರ್?

“ಏನಂದಿ ಅಪ್ಪಾ?”

“ಗ್ರಾಫಿಕ್ಸ್ ಕಾರ್ಡ್. ನಿನ್ನ ಚೀಟ್ಯಾಗ ಬರದೀಯೋ ಇಲ್ಲೋ ಅಂತ ಕೇಳಾಕತ್ತೇನಿ,” ಎಂದ ಧರೆಪ್ಪ, ಪುಂಡಿಪಲ್ಯಕ್ಕೆ ಎಣ್ಣೆ ಹಾಕಿಕೊಳ್ಳುತ್ತ.

“ಅದೇನಂತ ನಿನಗ ಗೊತ್ತೈತೇನು?”

“ಗೊತ್ತಿಲ್ದ ಕೇಳ್ತಾರೇನು? ನೂರಾ ಇಪ್ಪತ್ತೆಂಟು ಎಂ.ಬಿ.ದು ಬೇಕು. ಅರವತ್ನಾಕರದು ಬ್ಯಾಡ. ಅದರಾಗ ದೂರಿನ ಗಿಡ ಕಾಣಂಗಿಲ್ಲ.”

ಅಜ್ಜಿ ಇಂದುಬಾಯಿ ಮೊಸರಿನ ಬಟ್ಟಲು ಕೆಳಗಿಟ್ಟಳು. “ಯಾವ ಗಿಡೋ ಧರ್ಯಾ?”

“ಕಂಪ್ಯೂಟರಿನಾಗಿನ ಗಿಡ, ಯವ್ವಾ.”

“ಅದರಾಗ ಗಿಡಾನೂ ಬೆಳಿತಾವೇನು!” ಅಜ್ಜಿ ಸೊಸೆಯ ಮುಖ ನೋಡಿದಳು. ರೇಣವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತು ಗಂಡನನ್ನೇ ನೋಡುತ್ತ ಕುಳಿತಿದ್ದಳು. ರೊಟ್ಟಿ ಕರಿಯಾಯಿತು.

ಎರಡು ಸಾವಿರದ ಐದರ ಜನವರಿ ಅದು. ಕಂಪ್ಯೂಟರ್ ತರುವ ಮಾತು ಹೊಸದಲ್ಲ, ದೀಪಾವಳಿಯಿಂದಲೂ ನಡೆದಿತ್ತು. ಪಿಯುಸಿ ಮುಗಿಸಿದ ಶಿವಾನಿ ಆರು ತಿಂಗಳು ಶಮ್ಶುನ್ನೀಸಾ ಟೀಚರ ಕ್ಲಾಸಿಗೆ ಹೋಗಿ ಕನ್ನಡ ಟೈಪಿಂಗು, ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಎಲ್ಲವನ್ನೂ ಕಲಿತಿದ್ದಳು. ಬೆರಳು ಎಷ್ಟು ಜೋರಾಗಿ ಓಡುತ್ತಿದ್ದವೆಂದರೆ, ಟೀಚರೇ ‘ಸಾವಕಾಶ್ ಹೊಡಿಯವಾ, ಕೀಬೋರ್ಡಿನ ಜೀವಾ ಹೋಗ್ತೈತಿ’ ಎನ್ನುತ್ತಿದ್ದರು. ಆದರೆ ಬೇರೆಯವರ ಝರಾಕ್ಸ್ ಅಂಗಡಿಯಲ್ಲಿ ಕುಳಿತರೆ ತಿಂಗಳಿಗೆ ಆರುನೂರು. ಸ್ವಂತ ಕಂಪ್ಯೂಟರ್, ಒಂದು ಪ್ರಿಂಟರ್ ಇದ್ದರೆ ಮನೆಯಲ್ಲೇ ಕುಳಿತು ಅದರ ನಾಲ್ಕು ಪಟ್ಟು. ಬೇಸಿಗೆಗೆ ಶಿವಾನಿಯನ್ನು ನೋಡಲು ಎರಡು ಕಡೆಯಿಂದ ಗಂಡಿನವರು ಬರುವವರಿದ್ದರು. ‘ಪೋರಿ ಕೆಲಸ ಹಚ್ಚಿ ತೋರಿಸಿದ್ಲಂದ್ರ ಎರಡು ವರ್ಷ ಯಾರನ್ನೂ ಹೊಸ್ತಿಲಾ ಹತ್ತಗೊಡಂಗಿಲ್ಲ’ ಎಂದು ರೇಣವ್ವ ಬಾಬಾಸಾಹೇಬರ ಫೋಟೊದ ಮುಂದೆ ನಿಂತು ಮಾತು ಕೊಟ್ಟಿದ್ದಳು. ಕೆಲಸವೂ ಗೊತ್ತಾಗಿತ್ತು. ಏಪ್ರಿಲ್ ಹದಿನಾಲ್ಕರ ಜಯಂತಿಯ ಹ್ಯಾಂಡ್‌ಬಿಲ್ಲು, ಕಾರ್ಯಕ್ರಮದ ಪತ್ರಿಕೆ, ಎಲ್ಲವನ್ನೂ ಈ ಸಲ ಶಿವಾನಿಯೇ ಮಾಡಿಕೊಡಬೇಕೆಂದು ಕಮಿಟಿಯ ಸೆಕ್ರೆಟರಿ ಭೀಮಶ್ಯಾ ಹೇಳಿದ್ದ. ಆ ತಿಂಗಳ ಐದನೇ ತಾರೀಖಿಗೆ ಪ್ರಿಂಟು ಕೈಗೆ ಬರಬೇಕು ಎನ್ನುವುದೊಂದೇ ಅವನ ಷರತ್ತು.

ದುಡ್ಡು ಇಪ್ಪತ್ತೆರಡು ಸಾವಿರ, ಒಂದು ರೂಪಾಯಿ ಹೆಚ್ಚಿಲ್ಲ. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ ಹಾಕುತ್ತಿದ್ದ ಭಿಶಿಯಲ್ಲಿ ರೇಣವ್ವನ ಚೀಟಿ ಎದ್ದು ಬಂದದ್ದು ಹದಿನೆಂಟು, ಅಜ್ಜಿ ಆಡು ಮಾರಿ ಕೊಟ್ಟದ್ದು ನಾಲ್ಕು. ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮು, ಹಾರ್ಡ್‌ಡಿಸ್ಕು, ಹದಿನೈದು ಇಂಚಿನ ಮಾನಿಟರು, ಕ್ಯಾಬಿನೆಟ್ಟು, ಎಲ್ಲವನ್ನೂ ಅತಿ ಸೋವಿಯಲ್ಲಿ ಹಿಡಿದರೂ ಹದಿನೆಂಟು ಸಾವಿರ ಆಗುತ್ತಿತ್ತು. ಉಳಿದ ನಾಲ್ಕು ಸಾವಿರದಲ್ಲಿ ಪ್ರಿಂಟರು, ಇಂಕು, ಒಂದು ಸ್ಟೆಬಿಲೈಸರು. ಅಷ್ಟಕ್ಕೇ ಚೀಟಿ ತುಂಬಿತ್ತು.

“ಕಾರ್ಡಿಗೆಷ್ಟಂತ?” ಎಂದು ಕೇಳಿದಳು ಶಿವಾನಿ.

“ಎರಡು ಸಾವಿರದ ಎಂಟುನೂರು. ಸ್ಟೇರಿಂಗಿಗೆ ಸಾವಿರದ ಇನ್ನೂರು.”

“ಸ್ಟೇರಿಂಗ್!” ರೇಣವ್ವ ಚೀರಿದಳು. “ರೀ, ಪೋರಿಗಿ ಕಂಪ್ಯೂಟರ್ ತರಾಕತ್ತೀರೋ, ಟ್ರ್ಯಾಕ್ಟರ್ ತರಾಕತ್ತೀರೋ?”

ಅಪ್ಪ ಕೈ ತೊಳೆದು ಎದ್ದುಹೋದ.

ಅವನು ಬಸ್ಸು ಬಿಟ್ಟು ಎರಡು ತಿಂಗಳಾಗಿತ್ತು. ದೀಪಾವಳಿ ಮುಗಿದ ವಾರ ಮನೆಗೆ ಬಂದವನೇ, ‘ನನಗ ಲೈಟ್ ಡ್ಯೂಟಿ ಕೊಟ್ಟಾರ’ ಎಂದಿದ್ದ. ರೇಣವ್ವನಿಗೆ ಖುಷಿಯೋ ಖುಷಿ. ಬಿಸಿಲು, ಧೂಳು ಬಿಟ್ಟು ಡಿಪೋದ ನೆರಳಲ್ಲಿ ಲೈಟು, ವೈರು ನೋಡಿಕೊಳ್ಳುವ ಕೆಲಸ ಎಂದು ಇಡೀ ಓಣಿಗೆ ಹೇಳಿ ಬಂದಿದ್ದಳು. ಅಂದಿನಿಂದ ಮನೆ ಮುಂದೆ ಸಾಲು. ರುಕ್ಮವ್ವನ ಇಸ್ತ್ರಿಪೆಟ್ಟಿಗೆ, ಮಾಸ್ತರರ ಮನೆಯ ಮಿಕ್ಸರು, ಯಾರದೋ ಟೇಬಲ್ ಫ್ಯಾನು. ‘ಧರೆಪ್ಪಣ್ಣ ಲೈಟಿನ ಡ್ಯೂಟಿ ಮಾಡ್ತಾನಲ್ಲ, ನೋಡ್ತಾನ ತಗೋ.’ ಅಪ್ಪ ಒಮ್ಮೆಯೂ ಇಲ್ಲವೆನ್ನುತ್ತಿರಲಿಲ್ಲ. ಬೆಳಿಗ್ಗೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ, ಎರಡು ದಿನ ಬಿಟ್ಟು ರಿಪೇರಿ ಮಾಡಿದ್ದನ್ನು ತಂದುಕೊಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ.

*

ಫೆಬ್ರುವರಿಯ ಮೊದಲ ರವಿವಾರ ಅಪ್ಪ ಮಗಳು ಬಿಜಾಪುರಕ್ಕೆ ಹೋದರು. ರಾವಸಾಬನ ಅಂಗಡಿ ಗಾಂಧಿಚೌಕದ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲೆ. ಬೇರೆ ಬೇರೆ ಭಾಗ ತಂದು ಜೋಡಿಸಿ ಸೋವಿಯಲ್ಲಿ ಕಂಪ್ಯೂಟರ್ ಕಟ್ಟಿಕೊಡುತ್ತಾನೆಂದು ಟೀಚರು ಹೇಳಿದ್ದರು. ಶಿವಾನಿ ಮೆಟ್ಟಿಲು ಹತ್ತುತ್ತ ಏನೇನು ಕೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

“ಬರ್ರಿ ಬರ್ರಿ ಡ್ರೈವರ್‌ಸಾಹೇಬ್ರ!” ಕುರ್ಚಿಯಿಂದ ಅರ್ಧ ಎದ್ದು ಕೂಗಿದ ರಾವಸಾಬ. “ಇವತ್ತ ಎಲ್ಲಿ ಟ್ರಿಪ್ಪು? ನಿಮ್ಮ ಗಾಡಿ ರೆಡಿ ಐತ್ರಿ.”

ಶಿವಾನಿ ಅಪ್ಪನ ಕಡೆ ತಿರುಗಿದಳು. “ಇವ್ರಿಗೆ ನೀ ಹ್ಯಾಂಗ ಗೊತ್ತು?”

“ಒಂದೆರಡು ಸಲ ಬಂದಿದ್ದೆ.”

“ಒಂದೆರಡಾ?” ರಾವಸಾಬ ನಕ್ಕ. “ತಂಗೀ, ನಿಮ್ಮಪ್ಪ ಸೂಟಿ ಇದ್ದಾಗೊಮ್ಮೆ ಬರ್ತಾರ. ತಾಸಿಗೆ ಹತ್ತು ರೂಪಾಯಿ ಕೊಟ್ಟ ಕುಂಡ್ರತಾರ.”

ಮೂಲೆಯ ಟೇಬಲ್ಲಿಗೆ ಪ್ಲಾಸ್ಟಿಕ್ಕಿನ ಸ್ಟೇರಿಂಗ್ ಬಿಗಿದಿತ್ತು. ಪರದೆಯ ಮೇಲೆ ಒಂದು ಲಾರಿ, ಅದರ ಮುಂದೆ ಹೊಲದ ನಡುವಿನ ರಸ್ತೆ. ಅಪ್ಪ ಹೆಗಲಿನ ಟವೆಲ್ ತೆಗೆದು ಸ್ಟೇರಿಂಗ್ ಒರೆಸಿದ. ಮುಟ್ಟಿ ಕಣ್ಣಿಗೊತ್ತಿಕೊಂಡ. ಕುಳಿತು, ಇಲ್ಲದ ಕನ್ನಡಿಯನ್ನು ಬಲಗಡೆ ಒಮ್ಮೆ ನೋಡಿ, ಗಾಡಿ ಎತ್ತಿದ. ಅವನ ಬೆನ್ನು ನೆಟ್ಟಗಾಯಿತು. ಮೂರು ತಿಂಗಳಿಂದ ಆ ಬೆನ್ನು ಹೀಗೆ ನೆಟ್ಟಗಿದ್ದದ್ದನ್ನು ತಾನು ನೋಡಿರಲೇ ಇಲ್ಲ ಎಂದು ಶಿವಾನಿಗೆ ಆಗ ಗೊತ್ತಾಯಿತು.

ಹಿಂದೆ ನಿಂತ ಹುಡುಗರು, “ಅಂಕಲ್, ಜೋರ್ ಹೊಡ್ರೀ!” ಎಂದು ಕೂಗಿದರು.

“ಹಿಂದ ಮಂದಿ ಕುಂತಿರ್ತಾರೋ!” ಎಂದ ಅಪ್ಪ ನಲವತ್ತರ ಮೇಲೆ ಮುಳ್ಳು ಹೋಗಗೊಡಲಿಲ್ಲ. ಲಾರಿಯಲ್ಲಿ ಯಾವ ಮಂದಿ! ಹುಡುಗರು ಬಿದ್ದುಬಿದ್ದು ನಕ್ಕರು. ಅಷ್ಟರಲ್ಲಿ ಎಡಕ್ಕೆ ಒಂದು ತಿರುವು ಬಂತು. ಲಾರಿ ನೆಟ್ಟಗೆ ಹೋಗಿ ಹೊಲಕ್ಕೆ ಬಿತ್ತು.

“ನೋಡಿದಿ?” ಅಪ್ಪ ಮಗಳ ಕಡೆ ತಿರುಗಿದ. “ಇದರಾಗಿನ ಕಾರ್ಡ್ ಸಣ್ಣದು. ಮುಂದಿಂದೆಲ್ಲಾ ಮಬ್ಬ ಮಬ್ಬ. ತಿರುವು ಮೈಮ್ಯಾಲ ಬಂದಮ್ಯಾಲ ಕಾಣ್ತೈತಿ.”

ಶಿವಾನಿಗೆ ಆ ತಿರುವು ಆಗಲೇ ಕಂಡಿತ್ತು. ಅಪ್ಪನಿಗೆ ಆಟ ಬರುವುದಿಲ್ಲ ಅಷ್ಟೇ ಎಂದುಕೊಂಡಳು.

“ಹೌದ್ರಿ, ಚೊಲೋ ಕಾರ್ಡ್ ಹಾಕಿದ್ರ ಎಲ್ಲಾ ಕ್ಲಿಯರ್,” ಎಂದ ರಾವಸಾಬ, ಗಿರಾಕಿಯ ಮಾತಿಗೆ ಇಲ್ಲವೆನ್ನದೆ.

“ಅಣ್ಣಾರ, ನನಗ ಪ್ರಿಂಟರ್ ಬೇಕ್ರಿ. ಕಾರ್ಡ್ ಬ್ಯಾಡ. ಟೈಪಿಂಗಿಗೆ ಕಾರ್ಡ್ ಯಾಕ?”

“ಪ್ರಿಂಟರ್ ಆಮ್ಯಾಲ ತರೂಣಂತ,” ಎಂದ ಅಪ್ಪ.

“ಆಮ್ಯಾಲಂದ್ರ ಯಾವಾಗ? ಲಗ್ನಾ ಮಾಡಿ ಕಳಿಸಿದಮ್ಯಾಲ ಗಂಡನ ಮನಿಗಿ ಕಳಿಸ್ತೀಯೇನು?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಕೆಂಪಾದ. ರಾವಸಾಬ ತಡಬಡಿಸಿ ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆದುಕೊಟ್ಟ. ಒಂದರಲ್ಲಿ ಪ್ರಿಂಟರು, ಇನ್ನೊಂದರಲ್ಲಿ ಕಾರ್ಡು. ಕೆಳಗಿನ ಮೊತ್ತ ಎರಡರದ್ದೂ ಒಂದೇ, ಇಪ್ಪತ್ತೆರಡು. ಬರುವಾಗ ಬಸ್ಸಿನಲ್ಲಿ ಅಪ್ಪ ಮಗಳು ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಬಸವನ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಅಪ್ಪ ಇಳಿದು ಮಿರ್ಚಿ ಭಜಿ ತಂದು ಮಗಳ ತೊಡೆಯ ಮೇಲಿಟ್ಟು, ಮಾತಿಲ್ಲದೆ ತನ್ನ ಸೀಟಿಗೆ ಹೋದ. ಶಿವಾನಿ ಅದನ್ನು ಮುಟ್ಟಲಿಲ್ಲ. ಹೂವಿನ ಹಿಪ್ಪರಗಿ ಕಡೆಯ ಒಬ್ಬ ಮುದುಕಿ ಕೇಳಿ ತಿಂದಳು.

*

ಆ ಹಾಳೆ ಒಂದು ತಿಂಗಳು ಮನೆಯ ನೆಮ್ಮದಿ ತಿಂದಿತು. ಅದನ್ನು ಜೋಳದ ಡಬ್ಬಿಯ ಕೆಳಗೆ ಇಟ್ಟಿದ್ದರು. ಊಟಕ್ಕೆ ಕುಳಿತಾಗೊಮ್ಮೆ ಯಾರಾದರೂ ಎಳೆದು ತೆಗೆಯುತ್ತಿದ್ದರು.

“ರ‍್ಯಾಮ್ ಅರ್ಧಾ ಮಾಡಿದ್ರ?” ಎನ್ನುವನು ಅಪ್ಪ.

“ಅರ್ಧಾ ಮಾಡಿದ್ರ ಒಂದ್ ಪತ್ರಿಕಿ ತೆರಿಯೂದ್ರಾಗ ನೀ ತಾಳಿಕೋಟಿಗಿ ಹೋಗಿ ಬರ್ತಿ.”

“ಸ್ಟೆಬಿಲೈಸರ್ ಬಿಡೂಣು.”

“ಇಲ್ಲಿ ಕರೆಂಟ್ ಹ್ಯಾಂಗ ಕುಣಿತೈತಿ ಗೊತ್ತಿಲ್ಲೇನು? ಲೈಟ್ ಡ್ಯೂಟಿ ಮಾಡಾಂವ ನೀನು!”

ಆ ಮಾತು ಬಂದಾಗೊಮ್ಮೆ ಅಪ್ಪ ಹಾಳೆಯನ್ನು ಮತ್ತೆ ಡಬ್ಬಿಯ ಕೆಳಗೆ ತಳ್ಳುತ್ತಿದ್ದ. ರೇಣವ್ವ ಮಗಳ ಪಕ್ಷ. ಆ ಸಿಟ್ಟಿಗೆ ಅವಳು ಗಂಡನ ತಾಟಿಗೆ ಶೇಂಗಾಹಿಂಡಿ ಹಾಕುವುದನ್ನೇ ಬಿಟ್ಟಿದ್ದಳು. ಅಜ್ಜಿ ಮಾತ್ರ ಇಬ್ಬರ ಕಡೆಗೂ ಒಂದೊಂದು ದಿನ.

“ಧರ್ಯಾ, ಖರೇ ಹೇಳು. ಆ ಕಾರ್ಡ್ ಹಚ್ಚಿದ್ರ ಏನ್ ಕಾಣ್ತೈತಿ?”

“ರೋಡ್ ಚೊಲೋ ಕಾಣ್ತೈತಿ, ಯವ್ವಾ.”

“ರೋಡ್ ನೋಡೂದಿದ್ರ ಹೊರಗ ಹೋಗಿ ನೋಡಲ್ಲೋ! ಪುಗಸಟ್ಟೆ ಐತಿ.”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

*

ಮಾರ್ಚ್ ಮೊದಲ ವಾರ ಒಂದು ದಿನ ಅಪ್ಪ ಬುತ್ತಿ ಮರೆತು ಹೋದ. ಬಿಸಿಲೇರುವ ಮೊದಲೇ ಕೊಟ್ಟುಬರಲು ಶಿವಾನಿ ಡಿಪೋಕ್ಕೆ ಹೋದಳು. ಒಳಗೆ ಲೈಟಿನ ಸೆಕ್ಷನ್ ಎಲ್ಲಿದೆ ಎಂದು ಕೇಳಬೇಕೆಂದುಕೊಂಡವಳಿಗೆ ಅಪ್ಪ ಗೇಟಿನಲ್ಲೇ ಕಂಡ. ತಗಡಿನ ಚಪ್ಪರದ ಕೆಳಗೆ ಕುರ್ಚಿ, ಮುಂದೆ ಸ್ಟೂಲು, ಅದರ ಮೇಲೆ ಉದ್ದನೆಯ ರಜಿಸ್ಟರು. ಖಾಕಿ ಅಂಗಿ ಹಾಕಿಕೊಂಡೇ ಕುಳಿತಿದ್ದ.

ಒಂದು ಬಸ್ಸು ಒಳಗಿಂದ ಬಂದು ಗೇಟಿನಲ್ಲಿ ನಿಂತಿತು. ಅದರ ನಂಬರು ಅಪ್ಪನ ಮೂಗಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿತ್ತು. ಆದರೂ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ, “ಹನ್ನೆರಡ ಹದಿನಾಕು, ಧರೆಪ್ಪಣ್ಣಾ! ತಾಳಿಕೋಟಿ!”

ಅಪ್ಪ ರಜಿಸ್ಟರಿಗೆ ಮೂಗು ತಾಗುವಷ್ಟು ಬಗ್ಗಿ ಬರೆದುಕೊಂಡ. ಕೈ ಎತ್ತಿದ. ಬಸ್ಸು ಹೋಯಿತು. ಹಿಂದಿನದು ಬಂತು. ಅದರ ಡ್ರೈವರೂ ಕೂಗಿದ, “ತೊಂಬತ್ತ ಮೂವತ್ತೊಂದು, ಅಣ್ಣಾ! ಸಿಂದಗಿ!”

ಶಿವಾನಿ ಬುತ್ತಿ ಹಿಡಿದು ಎರಡು ಹೆಜ್ಜೆ ಮುಂದೆ ಬಂದಳು. ಅವಳು ಐದು ಮಾರು ದೂರದಲ್ಲಿ ನಿಂತಿದ್ದಳು. ಅಪ್ಪ ಅವಳ ಕಡೆಯೇ ನೋಡುತ್ತಿದ್ದ. ಗುರುತು ಹಿಡಿಯಲಿಲ್ಲ.

“ಯಾರ್ವಾ ಅಲ್ಲಿ? ಪಾಸಿಂದೇನಾರ ಇದ್ರ ಆ ಖಿಡಕ್ಯಾಗ ಕೇಳ್ರಿ,” ಎಂದ.

ಹಿಂದಿನಿಂದ ಬಂದ ಭೀಮಶ್ಯಾ ಅವಳ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ಹನ್ನೆರಡು ವರ್ಷ ಅಪ್ಪನ ಬಸ್ಸಿಗೆ ಕಂಡಕ್ಟರ್ ಆಗಿದ್ದವನು ಅವನು.

“ಕಾಕಾ, ಅಪ್ಪ ಇಲ್ಲಿ ಏನ್ ಮಾಡಾಕತ್ತಾನ? ಲೈಟ್ ಡ್ಯೂಟಿ ಅಂದಿದ್ದ...”

“ಇದ ಲೈಟ್ ಡ್ಯೂಟಿ, ತಂಗಿ.”

“ಲೈಟ್ ಎಲ್ಲಿ ಅದಾವು?”

ಭೀಮಶ್ಯಾ ಅವಳನ್ನು ದಿಟ್ಟಿಸಿದ. “ಅಯ್ಯ, ನಿಮ್ಮ ಮನ್ಯಾಗ ಹೇಳಿಲ್ಲೇನು? ಲೈಟ್ ಅಂದ್ರ ಬಲ್ಬ್ ಅಲ್ಲವಾ. ಹಗರ. ಹಗರ ಕೆಲಸ. ಮೆಡಿಕಲ್‌ದಾಗ ಫೇಲ್ ಆದ ಡ್ರೈವರಗೋಳಿಗೆ ಕೊಡೂದು. ನಿಮ್ಮಪ್ಪಗ ಕಣ್ಣ ಹೋಗ್ಯಾವ. ಪೂರಾ ಅಲ್ಲ, ದೂರಿಂದು.”

ಪಿಯುಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ಅದೇ ಪದಕ್ಕೆ ಎರಡು ಅರ್ಥ ಬರೆದು ಎರಡಂಕ ತೆಗೆದುಕೊಂಡವಳು ಶಿವಾನಿ. ಬೆಳಕು, ಹಗುರ. ನಾಲ್ಕು ತಿಂಗಳು ದಿನಾ ಕಿವಿಗೆ ಬಿದ್ದರೂ ಎರಡನೆಯದು ನೆನಪಾಗಿರಲಿಲ್ಲ.

ಅಪ್ಪನ ಕುರ್ಚಿಯ ಕೆಳಗೆ ಚೀಲವಿತ್ತು. ಅದರಿಂದ ರುಕ್ಮವ್ವನ ಇಸ್ತ್ರಿಯ ವೈರು ಹೊರಗೆ ಇಣುಕಿತ್ತು.

“ಇದನ್ನ ಯಾರ್ ರಿಪೇರಿ ಮಾಡ್ತಾರ ಅಪ್ಪಾ?” ಬುತ್ತಿ ಇಟ್ಟು ಕೇಳಿದಳು.

ದನಿ ಕೇಳಿ ಅಪ್ಪ ಬೆಚ್ಚಿಬಿದ್ದ. ರಜಿಸ್ಟರಿನ ಮೂಲೆ ಮಡಚಿದ, ಬಿಚ್ಚಿದ.

“ಸ್ಟ್ಯಾಂಡ್ ಹಂತ್ಯಾಕ ಒಬ್ಬಾಂವ ಮಾಡ್ತಾನ. ಮನ್ಯಾಗ ಹೇಳಬ್ಯಾಡ ಶಿವಿ. ಏಪ್ರಿಲ್‌ದಾಗ ಮತ್ತ ಮೆಡಿಕಲ್ ಐತಿ. ಅಲ್ಲಿತನಕ ಸಾಕು.”

“ಡಾಕ್ಟರ್ ಏನಂದಾರ?”

“ಕಣ್ಣಿನ ಹಿಂದಿನ ನರ ಒಣಗ್ಯಾವಂತ. ಅಪರೇಶನ್ ಮಾಡೂ ಹಂಗೂ ಇಲ್ಲಂತ. ಅವ್ರು ಏನ್ ಬೇಕಾದ್ ಅಂತಾರ. ಗ್ವಾಡಿಗಿ ಅಕ್ಷರ ಹಚ್ಚಿ ಓದು ಅಂದ್ರು. ನಾ ಗ್ವಾಡಿ ಓದ್ಕೋತ ಬಸ್ ಹೊಡಿತೇನೇನು? ರೋಡ್ ತೋರಸ್ರಿ ಅಂದೆ. ರೋಡ್ ತೋರಸಲಿಲ್ಲ.” ಅಪ್ಪ ದನಿ ಇಳಿಸಿದ. “ಆ ಕಾರ್ಡ್ ಇದ್ರ ದಿನಾ ಪ್ರಾಕ್ಟೀಸ್ ಆಗ್ತೈತಿ. ನಜರು ಕುಂಡ್ರತೈತಿ. ನಾ ಹೊಡ್ಯಾಂವ ಅದೇನಿ, ಶಿವಿ.”

ಆ ಸಂಜೆ ಊಟಕ್ಕೆ ಕುಳಿತಾಗ ಶಿವಾನಿ ತಾನೇ ಡಬ್ಬಿಯ ಕೆಳಗಿಂದ ಹಾಳೆ ಎಳೆದಳು. ಪ್ರಿಂಟರ್ ಇದ್ದ ಲೆಕ್ಕದ ಮೇಲೆ ಅಡ್ಡಗೆರೆ ಹೊಡೆದಳು.

“ಕಾರ್ಡ ತರೂಣು,” ಎಂದಳು.

ರೇಣವ್ವನ ಕೈಯಿಂದ ಸೌಟು ಜಾರಿ ಬೇಳೆಯಲ್ಲಿ ಮುಳುಗಿತು. “ಹುಚ್ಚ ಹಿಡದೈತೇನ ನಿನಗ? ಜಯಂತಿ ಕೆಲಸ? ಬರೂ ಗಂಡಿನವ್ರು?”

“ಫ್ಲಾಪಿಯೊಳಗ ಹಾಕ್ಕೊಂಡು ಹೋಗಿ ಝರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಿತೇನಿ.”

“ಅವರಿಗೆ ಕೊಟ್ಟ ನಿನಗೇನ್ ಉಳಿತೈತಿ, ಮಣ್ಣು?”

ಶಿವಾನಿ ಅನ್ನ ಕಲಸಿದಳು. ಅಪ್ಪ ತಲೆ ಎತ್ತಲೇ ಇಲ್ಲ.

*

ಹೋಳಿಹುಣ್ಣಿಮೆಗೆ ಮುಂಚೆ ಕಂಪ್ಯೂಟರ್ ಬಸ್ಸಿನ ಮೇಲೆ ಬಂತು. ಶಿವಾನಿ ವೈರು ಚುಚ್ಚುತ್ತಿದ್ದರೆ ಅರ್ಧ ಓಣಿ ಕಿಟಕಿಯಲ್ಲಿತ್ತು. ಮಂದಿ ಚೆದುರಿದ ಮೇಲೆ ಬಾಗಿಲು ಮುಂದೆ ಮಾಡಿ ಅಪ್ಪ ಸ್ಟೇರಿಂಗ್ ಬಿಗಿದ. ಟವೆಲ್ಲಿನಿಂದ ಒರೆಸಿದ. ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದೆ ಹೊರಸಿನ ಮೇಲೆ ಅಜ್ಜಿ, ಅವ್ವ, ಪಕ್ಕದಲ್ಲಿ ಶಿವಾನಿ.

ಎಷ್ಟು ದಿನ ಸಿಟ್ಟು ಮಾಡಿದರೂ ಆ ಬಣ್ಣದ ರಸ್ತೆ ಕಂಡು ರೇಣವ್ವನ ಮುಖವೇ ಅರಳಿತು. “ಹೊಲಾ ನೋಡ್ರಿ ಅತ್ತಿ, ಕುಸುಬಿ ಹೂವಿನಂಗ! ರೀ, ನನಗ ತಾಳಿಕೋಟಿಗಿ ಒಂದ್ ಟಿಕೇಟ್!”

“ಮುದುಕ್ಯಾರಿಗಿ ಅರ್ಧಾ ಟಿಕೇಟ್,” ಎಂದಳು ಅಜ್ಜಿ.

“ಹೊಡೀಲಿ?” ಅಪ್ಪ ಕೇಳಿದ.

“ರೈಟ್!” ಎಂದಳು ಶಿವಾನಿ, ಕಂಡಕ್ಟರ್ ಹಾಗೆ.

ಲಾರಿ ಹೊರಟಿತು. ನೇರ ರಸ್ತೆಯಲ್ಲಿ ಚೆಂದ ಹೋಯಿತು. ತಿರುವು ಬಂದಾಗ ನೆಟ್ಟಗೆ ಹೋಗಿ ಹೊಲಕ್ಕೆ ಬಿತ್ತು. ಅಪ್ಪ ಮತ್ತೆ ಹೊರಡಿಸಿದ. ಮತ್ತೆ ಅದೇ ತಿರುವು, ಅದೇ ಹೊಲ. ಮೂರನೆಯ ಸಲ ಕುರ್ಚಿ ಮುಂದೆ ಎಳೆದು ಗಾಜಿಗೆ ಮುಖ ಹಚ್ಚಿ ಕುಳಿತ. ಆಗ ಅಂಚಿನ ಕಲ್ಲು ಕಾಣದೆ ಅದಕ್ಕೆ ಹಾಯ್ದ.

ಅವನು ಸ್ಟೇರಿಂಗ್ ಬಿಟ್ಟು ಎದ್ದ. “ರಾವಸಾಬ ಮೋಸಾ ಮಾಡ್ಯಾನ. ಕಾರ್ಡ್ ಹಾಕೇ ಇಲ್ಲ ಅಂವ! ಶಿವಿ, ಬಿಚ್ಚದನ್ನ.”

“ಹಾಕ್ಯಾರ ಅಪ್ಪಾ.”

“ಬಿಚ್ಚಂದ್ರ ಬಿಚ್ಚ!”

ಶಿವಾನಿ ಸ್ವಿಚ್ಚು ತೆಗೆದು, ಸ್ಕ್ರೂ ಬಿಚ್ಚಿ, ಡಬ್ಬಿಯ ಪಕ್ಕದ ತಗಡು ಎಳೆದಳು. ಅಪ್ಪ ಮೊಣಕಾಲೂರಿ ಒಳಗೆ ಕೈ ಹಾಕಿದ. ಹಸಿರು ಹಲಗೆ, ಅದರ ಮೇಲೆ ಪುಟ್ಟ ಫ್ಯಾನು, ಗಟ್ಟಿಯಾಗಿ ಕುಳಿತಿತ್ತು. ಬೆರಳಿನಿಂದ ಎರಡೆರಡು ಸಲ ತಡವಿದ.

ಆಗ ಅಜ್ಜಿ ಇಂದುಬಾಯಿ ಬಾಯಿಬಿಟ್ಟಳು. ಅವಳಿಗೆ ಎಪ್ಪತ್ತು ದಾಟಿತ್ತು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದಳು. “ಅಲ್ಲೋ ಧರ್ಯಾ, ತಿರುವು ನನಗೂ ಕಾಣ್ತಲ್ಲೋ. ಆ ಗಿಡದ ಹಂತ್ಯಾಕ. ದೂರಿಂದನ ಕಾಣ್ತು. ನೀ ಯಾಕ ತಿರಗಸಲಿಲ್ಲ?”

ಅಪ್ಪನ ಕೈ ಡಬ್ಬಿಯ ಒಳಗೇ ಇತ್ತು. ಅವನು ತಾಯಿಯ ಮುಖದ ಕಡೆ ನೋಡಿದ. ಆ ಮುಖವೂ ಅವನಿಗೆ ಎಷ್ಟು ಕಾಣುತ್ತಿತ್ತೋ.

“ರೇಣಾ,” ಎಂದ ಕೊನೆಗೆ, “ಲೈಟ್ ಡ್ಯೂಟಿ ಅಂದ್ರ ಬಲ್ಬಿಂದಲ್ಲ.”

ಎಲ್ಲವನ್ನೂ ಹೇಳಿದ. ಗೇಟು, ರಜಿಸ್ಟರು, ನಂಬರು ಕೂಗುವ ಡ್ರೈವರುಗಳು, ಒಣಗಿದ ನರ. ರೇಣವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೇಳಿದಳು. ಎಲ್ಲ ಮುಗಿದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಬೇರೆಯೇ.

“ಮತ್ತ... ರುಕ್ಮವ್ವನ ಇಸ್ತ್ರಿ?”

“ನಲವತ್ತು ರೂಪಾಯಿ ಕೊಟ್ಟ ಮಾಡಿಸಿದೆ.”

“ಮಾಸ್ತರರ ಮಿಕ್ಸರ್?”

“ಎಪ್ಪತ್ತು.”

“ಆ ಫ್ಯಾನು?”

“ಅದು... ಹೊಸಾದ ತಂದ ಕೊಟ್ಟೆ.”

“ಯಪ್ಪಾ!” ರೇಣವ್ವ ಹಣೆ ಹಣೆ ಬಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಶಿವಾನಿಗೆ ತಿಳಿಯಲಿಲ್ಲ. “ಇಡೀ ಓಣಿಗಿ ಡಂಗುರಾ ಹೊಡದಾಕಿ ನಾ! ಒಮ್ಮೆ ‘ಹಂಗಲ್ಲೇ’ ಅನ್ನಾಕ ನಿಮಗ ಬಾಯಿ ಇರಲಿಲ್ಲೇನು?”

“ನೀ ಭಾಳ ಖುಷಿ ಇದ್ದಿ,” ಎಂದ ಅಪ್ಪ.

ರೇಣವ್ವ ಮಗಳ ಕಡೆ ತಿರುಗಿದಳು. “ನಿನಗ ಗೊತ್ತಿತ್ತು. ಅದಕ್ಕ ಗೆರಿ ಹೊಡದಿ. ಹೌದಿಲ್ಲೋ?” ಶಿವಾನಿ ತಲೆಯಾಡಿಸಿದಳು. ಅವ್ವ ನಾಲ್ಕು ದಿನ ಅವಳೊಡನೆ ಮಾತು ಬಿಟ್ಟಳು. ಆ ನಾಲ್ಕು ದಿನವೂ ಬೇಳೆಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ. ಆದರೆ ಅಪ್ಪನ ತಾಟಿಗೆ ಶೇಂಗಾಹಿಂಡಿ ಮತ್ತೆ ಬಂದಿತ್ತು, ಎರಡು ಚಮಚ.

ಸ್ಟೇರಿಂಗ್ ಹೊರಸಿನ ಕೆಳಗೆ ಹೋಯಿತು. ಶಿವಾನಿ ಹ್ಯಾಂಡ್‌ಬಿಲ್ಲು ಟೈಪ್ ಮಾಡಿ ಫ್ಲಾಪಿಗೆ ಹಾಕಿಕೊಂಡು ಅಂಗಡಿಗೆ ಹೋದಳು. ಅಲ್ಲಿನ ಮಾಲೀಕ ಒಂದು ಹಾಳೆಗೆ ಹೇಳಿದ ರೇಟು ಕೇಳಿ ಸುಮ್ಮನೆ ಹಿಂದೆ ಬಂದಳು. ಕಮಿಟಿ ಕೊಡುವ ಹಣಕ್ಕಿಂತ ಅದೇ ಹೆಚ್ಚಾಗುತ್ತಿತ್ತು. ತಾರೀಖು ಮೂವತ್ತೊಂದು. ಉಳಿದದ್ದು ಐದು ದಿನ.

*

ಏಪ್ರಿಲ್ ಮೂರು, ರವಿವಾರ. ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಹೊರಸಿನ ಕೆಳಗೆ ಸ್ಟೇರಿಂಗೂ ಇರಲಿಲ್ಲ. ಶಿವಾನಿ ಕಂಪ್ಯೂಟರಿನ ಡಬ್ಬಿ ನೋಡಿದಳು. ಪಕ್ಕದ ತಗಡಿನ ಎರಡು ಸ್ಕ್ರೂ ಅರ್ಧಂಬರ್ಧ ಕೂತಿದ್ದವು. ತೆಗೆದು ನೋಡಿದರೆ ಕಾರ್ಡಿನ ಜಾಗ ಖಾಲಿ. ಕಾಣದ ಕಣ್ಣಿನಲ್ಲಿ ಅದನ್ನು ಹೇಗೆ ಬಿಚ್ಚಿದನೋ, ಬೆರಳಿನಿಂದ ತಡವಿ ತಡವಿಯೇ ಬಿಚ್ಚಿರಬೇಕು.

“ಅವ್ವಾ, ಅಪ್ಪ ಎಲ್ಲಿ ಹೋದ?”

“ನನಗೇನ ಗೊತ್ತು? ನನಗ್ಯಾರ ಏನ ಹೇಳ್ತಾರ ಈ ಮನ್ಯಾಗ?” ಎಂದ ರೇಣವ್ವ ಹೊಸ್ತಿಲಲ್ಲೇ ಕುಳಿತಳು. ಮಧ್ಯಾಹ್ನವಾದರೂ ಏಳಲಿಲ್ಲ.

ಮೂರರ ಬಸ್ಸಿಗೆ ಅಪ್ಪ ಬಂದ, ಹೆಗಲ ಮೇಲೆ ಪೆಟ್ಟಿಗೆ ಹೊತ್ತು. ಬೆವರು ಇಳಿಯುತ್ತಿತ್ತು. ಪೆಟ್ಟಿಗೆಯನ್ನು ಮಗಳ ಮುಂದಿಟ್ಟ.

“ರಾವಸಾಬ ಎರಡೂ ಸೇರಿ ಮೂರು ಸಾವಿರದ ಮುನ್ನೂರಕ್ಕ ಹಿಡಕೊಂಡಾ. ಪ್ರಿಂಟರ್ ಬಂತು, ಇಂಕ್ ಬಂತು, ಒಂದ್ ಕಟ್ಟ ಹಾಳಿ ಬಂದ್ವು.”

“ಅಪ್ಪಾ, ನಿನ್ನ ಮೆಡಿಕಲ್...”

“ಹೋಗಂಗಿಲ್ಲ. ಜೋಡಸ ಮೊದಲ.”

ಪ್ರಿಂಟರ್ ಗರ್ರೆಂದು ಎದ್ದಿತು. ಶಿವಾನಿ ಹ್ಯಾಂಡ್‌ಬಿಲ್ಲಿನ ಫೈಲು ತೆರೆದಳು.

“ಅದಲ್ಲ,” ಎಂದ ಅಪ್ಪ. “ಮೊದಲ ನಂದೊಂದ ಹೊಡಿ. ‘ಇಲ್ಲಿ ಇಸ್ತ್ರಿ ರಿಪೇರಿ ಇಲ್ಲ.’ ಬಾಗಲಿಗಿ ಹಚ್ಚೂದೈತಿ.”

ರೇಣವ್ವ ಕಿಸಕ್ಕನೆ ನಕ್ಕಳು, ಹದಿನೈದು ದಿನದಲ್ಲಿ ಮೊದಲ ಸಲ. ಶಿವಾನಿ ಪಟಪಟನೆ ಹೊಡೆದಳು. ಹಾಳೆ ಹೊರಬಂತು. ಅಪ್ಪ ಅದನ್ನು ಗೋಡೆಗೆ ಹಚ್ಚಲು ಹೇಳಿ ತಾನು ಹೊಸ್ತಿಲಿಗೆ ಹೋಗಿ ನಿಂತ. ಕಣ್ಣು ಕಿರಿದು ಮಾಡಿದ.

“ಸಣ್ಣದಾತು. ದೊಡ್ಡದ ಮಾಡು.”

ಎರಡರಷ್ಟು ಮಾಡಿದಳು. “ಇನ್ನಾ ದೊಡ್ಡದು.” ಅಕ್ಷರ ಹಾಳೆಯ ಅಗಲಕ್ಕೂ ಬಂದವು. ಓಣಿಯ ಆಚೆ ಕಟ್ಟೆಯಿಂದಲೂ ಯಾರು ಬೇಕಾದರೂ ಓದುವಷ್ಟು. “ಇನ್ನಾ.” ಒಂದು ಹಾಳೆಗೆ ಎರಡೇ ಅಕ್ಷರ. “ಏನೋ ಕರಿದು ಕಾಣ್ತೈತಿ. ಇನ್ನಾ ಸ್ವಲ್ಪ.”

ನಗುತ್ತಿದ್ದ ರೇಣವ್ವನ ನಗು ಎಲ್ಲಿ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ಹೊಸ್ತಿಲಿನಿಂದ ಗೋಡೆಗೆ ಹನ್ನೆರಡು ಅಡಿ. ಅಜ್ಜಿ ಹೊರಸಿನಿಂದ ಎದ್ದು ಗೋಡೆಯನ್ನೂ ಮಗನನ್ನೂ ಒಮ್ಮೊಮ್ಮೆ ನೋಡಿದಳು. ಶಿವಾನಿ ತುಟಿ ಕಚ್ಚಿಕೊಂಡು, ಒಂದೊಂದು ಹಾಳೆಗೆ ಒಂದೊಂದೇ ಅಕ್ಷರ ಮಾಡಿ, ತಲೆಯಿಂದ ಕಾಲಿನವರೆಗೆ ಹಾಳೆ ತುಂಬಿಸಿದಳು. ಇಂಕಿನ ಮಾತು ಎತ್ತಲಿಲ್ಲ. ಒಂಬತ್ತು ಹಾಳೆ. ಅವ್ವ ಅನ್ನದ ಗಂಜಿ ಸವರಿ ಸಾಲಾಗಿ ಅಂಟಿಸಿದಳು.

“ಇ...” ಎಂದ ಅಪ್ಪ ಹೊಸ್ತಿಲಿನಿಂದ. “ಲ್ಲಿ... ಇ... ಸ್ತ್ರಿ...” ಒಂದನೇ ತರಗತಿಯ ಹುಡುಗನ ಹಾಗೆ ಒಂದೊಂದಕ್ಕೂ ನಿಂತು, ಕೊನೆಯ ‘ಲ್ಲ’ದವರೆಗೆ ಓದಿ ಮುಗಿಸಿದ. “ಹೂಂ. ಈಗ ಕಾಣ್ತೈತಿ. ಹೊರಗಿನ ಗ್ವಾಡಿಗಿ ಹಚ್ರಿ.”

ಹೊರಗೆ ಹಚ್ಚಿ ಗಂಜಿ ಆರುವ ಮೊದಲೇ ರುಕ್ಮವ್ವ ಬಂದಳು, ಬಗಲಲ್ಲಿ ಮತ್ತೆ ಅದೇ ಇಸ್ತ್ರಿ. ಒಂಬತ್ತು ಹಾಳೆಯ ಸಾಲು ಕಂಡು ಗಕ್ಕನೆ ನಿಂತಳು.

“ಅಯ್ಯ ಶಿವನ! ಇದೇನ ರೇಣವ್ವಾ, ಇಷ್ಟ ದೊಡ್ಡ ದೊಡ್ಡ ಅಕ್ಷರಾ! ಓಣ್ಯಾಗಿನ ಮಂದಿಗಿ ಏನ ಕಣ್ಣ ಕಾಣಂಗಿಲ್ಲೇನು?”

ರೇಣವ್ವ ಬಾಯಿ ತೆರೆದಳು. ಆಚೀಚೆ ಮನೆಯ ನಾಲ್ಕು ಮಂದಿ ಕಟ್ಟೆಗೆ ಬಂದು ನಿಂತರು.

ಅಪ್ಪ ಹೊಸ್ತಿಲು ದಾಟಿ ಹೊರಗೆ ಬಂದ.

“ನಿಮಗ ಕಾಣ್ತೈತ್ರಿ ಅಕ್ಕಾರ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ನನಗ ಕಾಣಂಗಿಲ್ಲ. ನನಗಂತ ಹೊಡಿಸೇನಿ.”

ರುಕ್ಮವ್ವ ಇಸ್ತ್ರಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಒಳಗೆ ಶಿವಾನಿ ಕಣ್ಣು ಒರೆಸಿಕೊಂಡು ಹ್ಯಾಂಡ್‌ಬಿಲ್ಲಿನ ಫೈಲು ತೆರೆದು, ‘ಪ್ರಿಂಟ್’ ಒತ್ತಿದಳು.